ರಹದಾರಿ ಕೊಟ್ಟವರು ಒಬ್ಬರು, ದಾರಿಯಲ್ಲಿ ನಿಂತವರು ಇನ್ನೊಬ್ಬರು

ಪ್ರಶ್ನೆ: ಸರ್, ನಾನು ಸುಂಟಿಕೊಪ್ಪದವಳು, ಬಿ.ಎ. ಕೊನೆಯ ವರ್ಷ. ಮೊನ್ನೆ ಕಾಲೇಜಿನಿಂದ ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂ ನೋಡಲು ಹೋಗಿದ್ದೆವು. ಕೊರಿಯಾ ಯುದ್ಧ ನಿಂತ ಮೇಲೆ ಜನರಲ್ ತಿಮ್ಮಯ್ಯನವರು ಎರಡೂ ಕಡೆಯವರ ನಡುವೆ ನಿಂತು ಕೆಲಸ ಮಾಡಿದ ಕತೆ ಕೇಳಿದೆ. ಆಗಿನಿಂದ ಒಂದು ಅನುಮಾನ. ಯುದ್ಧದ ಸುದ್ದಿಯಲ್ಲಿ ‘ಮುತ್ತಿಗೆ ಬಿದ್ದ ನಗರದಿಂದ ಹೊರಬರಲು ರಾಯಭಾರಿಗಳು ಸುರಕ್ಷಿತ ದಾರಿ ಕೇಳಿದ್ದಾರೆ’ ಅಂತ ಬರುತ್ತದೆ. ಅವರನ್ನು ಯಾರೂ ಮುಟ್ಟಬಾರದು ಅಂತ ಕಾನೂನೇ ಇದೆ ಅಲ್ವಾ? ಮತ್ತೆ ಕೇಳುವುದೇಕೆ? ಇನ್ನೊಂದು, ಇಂಥ ಹೊತ್ತಲ್ಲಿ ಮೊದಲು ಓಡುವವರೇ ಎಂಬಸಿಯವರು ಅಂತ ನಮ್ಮ ಮಾವ ಹೇಳುತ್ತಾರೆ. ನಿಜವಾ?

ಉತ್ತರ: ಮೊದಲು ನನ್ನ ಬಗ್ಗೆ ಎರಡು ಮಾತು. ವಿದೇಶಾಂಗ ಇಲಾಖೆಯಲ್ಲಿ 30 ವರ್ಷ ಇದ್ದೆ. ರಾಯಭಾರಿ ಆಗಿದ್ದವನಲ್ಲ. ಗಾಡಿ, ಡೀಸೆಲ್, ಕಾಗದಪತ್ರ, ಬೀಗದ ಕೈ ನೋಡಿಕೊಳ್ಳುವ ಕಡೆಯವನು. ಈಗ ನಾಪೋಕ್ಲು ಹತ್ತಿರ ಕಾಫಿ ನೋಡಿಕೊಂಡಿದ್ದೇನೆ. ನಿಮ್ಮ ಮಾವನ ಮಾತಿಗೆ ಆಮೇಲೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯ ಇದೆ.

ಮೊದಲ ಪ್ರಶ್ನೆಗೆ ನಮ್ಮ ಕಡೆಯ ಉತ್ತರವೇ ಒಂದಿದೆ. ಗೋಣಿಕೊಪ್ಪದಿಂದ ಹುಣಸೂರಿಗೆ ಹೋಗುವಾಗ ಕಾಡಿನ ದಾರಿ ಸಿಗುತ್ತದಲ್ಲ, ಅಲ್ಲಿ ಗೇಟಿನವರು ‘ಹೋಗಿ’ ಅಂತ ಬಿಟ್ಟಿರುತ್ತಾರೆ. ಮುಂದಿನ ತಿರುವಿನಲ್ಲಿ ಒಂಟಿ ಸಲಗ ನಿಂತಿರುತ್ತದೆ. ಬಿಟ್ಟವರು ಗೇಟಿನವರು, ನಿಂತಿರುವುದು ಆನೆ. ಗೇಟಿನವರು ಬಿಟ್ಟಿದ್ದಾರೆ ಅಂತ ಆನೆಗೆ ಹೇಳಿ ಪ್ರಯೋಜನ ಏನು?

ಈಗ ಕಾನೂನು. 1961ರ ವಿಯೆನ್ನಾ ಒಪ್ಪಂದ ಇದಕ್ಕೆಲ್ಲ ಮೂಲ. ನಮ್ಮ ದೇಶ ಅದನ್ನು 1972ರಲ್ಲಿ ತನ್ನದೇ ಕಾಯಿದೆಯಾಗಿಯೂ ಮಾಡಿಕೊಂಡಿತು. 29ನೇ ವಿಧಿ ರಾಯಭಾರಿಯ ಮೈಮೇಲೆ ಕೈ ಹಾಕಬೇಡಿ ಅನ್ನುತ್ತದೆ. 22ನೇ ವಿಧಿ ಕಚೇರಿಯೊಳಗೆ ಕಾಲಿಡಬೇಡಿ ಅನ್ನುತ್ತದೆ. ನಿಮ್ಮ ಪ್ರಶ್ನೆಗೆ ಬೇಕಾದದ್ದು 44. ಯುದ್ಧ ನಡೆಯುತ್ತಿದ್ದರೂ ವಿದೇಶಿ ರಾಜತಾಂತ್ರಿಕರು, ಅವರ ಮನೆಯವರು ಆದಷ್ಟು ಬೇಗ ಹೊರಡಲು ಅನುಕೂಲ ಮಾಡಿಕೊಡಬೇಕು, ಅಗತ್ಯಬಿದ್ದರೆ ವಾಹನವನ್ನೂ ಒದಗಿಸಬೇಕು ಅಂತ ಅದು ಹೇಳುತ್ತದೆ.

ಯಾರು ಮಾಡಿಕೊಡಬೇಕು? ಅವರನ್ನು ಬರಮಾಡಿಕೊಂಡ ದೇಶ. ಸಿಕ್ಕು ಇರುವುದು ಇಲ್ಲೇ. ಮುತ್ತಿಗೆ ಬಿದ್ದ ಊರಲ್ಲಿ ಆ ದೇಶದ ಸರ್ಕಾರವೂ ನಿಮ್ಮ ಜೊತೆ ಒಳಗೇ ಸಿಕ್ಕಿಕೊಂಡಿರುತ್ತದೆ. ಊರಾಚೆಯ ಸೇತುವೆ ದಾಟುವುದಕ್ಕೆ ಅದರ ಮಂತ್ರಿಗೇ ಆಗುವುದಿಲ್ಲ, ಇನ್ನು ನಿಮಗೆಲ್ಲಿ ದಾಟಿಸುತ್ತಾನೆ? ಹೊರಗೆ ಸುತ್ತುವರಿದವರು ಬಂಡುಕೋರರಾದರೆ ಅವರು ಯಾವ ಒಪ್ಪಂದಕ್ಕೂ ಸಹಿ ಹಾಕಿದವರಲ್ಲ. ಬೇರೆ ದೇಶದ ಸೈನ್ಯವಾದರೆ ಸಹಿ ಹಾಕಿರಬಹುದು. ಆದರೆ ಅದು ತನ್ನ ರಾಜಧಾನಿಗೆ ಬಂದ ರಾಯಭಾರಿಗಳ ಲೆಕ್ಕ. ನೀವು ಅವರ ಶತ್ರುವಿನ ಮನೆಗೆ ಬಂದ ನೆಂಟರು.

ಹಾಗಂತ ಗುಂಡು ಹಾರಿಸಬಹುದು ಅಂತಲ್ಲ. ರಾಜತಾಂತ್ರಿಕರೂ ನಾಗರಿಕರೇ, ಬೇಕಂತಲೇ ಅವರ ಮೇಲೆ ದಾಳಿ ಮಾಡಿದರೆ ಅದು ಯುದ್ಧಾಪರಾಧ. ಆದರೆ ‘ಹೊಡೆಯಬೇಡ’ ಅನ್ನುವುದು ಬೇರೆ, ‘ದಾರಿ ಬಿಡು’ ಅನ್ನುವುದು ಬೇರೆ. ದಾರಿ ಬಿಡುವ ಬಗ್ಗೆ 1949ರ ನಾಲ್ಕನೇ ಜಿನೀವಾ ಒಪ್ಪಂದದ 17ನೇ ವಿಧಿಯಲ್ಲಿ ಒಂದು ಪಟ್ಟಿ ಇದೆ. ಮುತ್ತಿಗೆಯ ಊರಿಂದ ಗಾಯಾಳುಗಳು, ರೋಗಿಗಳು, ಕೈಲಾಗದವರು, ಮುದುಕರು, ಮಕ್ಕಳು, ಬಾಣಂತಿಯರನ್ನು ಹೊರಗೆ ಕಳಿಸಲು ಎರಡೂ ಕಡೆಯವರು ಒಪ್ಪಂದಕ್ಕೆ ‘ಪ್ರಯತ್ನ ಮಾಡಬೇಕು’. ಪಟ್ಟಿಯಲ್ಲಿ ರಾಯಭಾರಿ ಇಲ್ಲ. ಇರಬೇಕಾಗಿಯೂ ಇಲ್ಲ ಅಂತ ನನ್ನ ಅಭಿಪ್ರಾಯ. ಬಾಣಂತಿಗಿಂತ ಮುಂದೆ ನಿಲ್ಲುವ ಹಕ್ಕು ನಮಗೇನಿದೆ?

ಅದಕ್ಕೇ ಕೇಳಬೇಕಾಗುತ್ತದೆ. ನಮ್ಮ ಹಿಂದಿನವರ ಭಾಷೆಯಲ್ಲಿ ಇದಕ್ಕೆ ಕೌಲು ಅನ್ನುತ್ತಿದ್ದರು. ಗೆಲ್ಲುವ ಕಡೆಯವನು ಕೊಡುವ ಅಭಯದ ಮಾತು. ಅದು ಹಕ್ಕಲ್ಲ, ಚೌಕಾಸಿ.

ಈ ಚೌಕಾಸಿ ಹೇಗೆ ನಡೆಯುತ್ತದೆ ಅಂತ ತಿಳಿಯಲು ನನಗೆ ಇಷ್ಟವಾದ ಉದಾಹರಣೆ ಪ್ಯಾರಿಸ್. 1870ರ ಸೆಪ್ಟೆಂಬರ್ 19ರಂದು ಪ್ರಷ್ಯ ಅನ್ನುವ ಜರ್ಮನ್ ರಾಜ್ಯದ ಸೈನ್ಯ ಆ ಊರನ್ನು ಪೂರ್ತಿ ಸುತ್ತಿತು. ಬ್ರಿಟಿಷ್ ರಾಯಭಾರಿ ಲಾರ್ಡ್ ಲಯನ್ಸ್ ಅಷ್ಟರಲ್ಲೇ ಟೂರ್ಸ್ ಊರಿಗೆ ಜಾಗ ಬದಲಿಸಿದ್ದರು. ಅಮೆರಿಕದ ಎಲಿಹು ವಾಷ್‌ಬರ್ನ್, ಸ್ವಿಟ್ಜರ್ಲೆಂಡಿನ ಯೋಹಾನ್ ಕೆರ್ನ್ ಮತ್ತು ಇನ್ನು ಕೆಲವರು ಒಳಗೇ ಉಳಿದರು. ಉಳಿದವರು ಮೊದಲು ಕೇಳಿದ್ದು ದಾರಿ ಅಲ್ಲ, ಅಂಚೆ. ನಮ್ಮ ದೇಶಗಳಿಗೆ ಮೊಹರು ಮಾಡಿದ ಚೀಲ ಕಳಿಸಲು ಬಿಡಿ ಅಂದರು. ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ಒಪ್ಪಲಿಲ್ಲ. ಲಕೋಟೆ ಅಂಟಿಸದೆ ಕೊಟ್ಟರೆ ಓದಿ ಕಳಿಸುತ್ತೇವೆ ಅಂದ. ರಾಯಭಾರಿಗಳಿಗೆ ಅದು ಅವಮಾನ, ಬೇಡ ಅಂದರು. ವಾಷ್‌ಬರ್ನ್‌ಗೆ ಮಾತ್ರ ಆಮೇಲೆ ಮೊಹರಿನ ಚೀಲ ಬರತೊಡಗಿತು. ಪ್ಯಾರಿಸಿನಲ್ಲಿದ್ದ ಜರ್ಮನರ ಯೋಗಕ್ಷೇಮ ಅವರ ಕೈಯಲ್ಲಿತ್ತು, ಅದಕ್ಕೆ. ಬಿಸ್ಮಾರ್ಕ್ ಸುಮ್ನೆ ಔದಾರ್ಯ ತೋರಿಸುವ ಗಿರಾಕಿ ಅಲ್ಲ.

ಅಕ್ಟೋಬರ್‌ನಲ್ಲಿ ವಾಷ್‌ಬರ್ನ್ ಊರಲ್ಲಿದ್ದ ಅಮೆರಿಕನ್ನರನ್ನು ಹೊರಗೆ ಕಳಿಸಲು ಹೊರಟರು. ಮುತ್ತಿಗೆ ಹಾಕಿದವರು ಒಪ್ಪಿದರು. ತಡೆದದ್ದು ಯಾರು ಗೊತ್ತಾ? ಒಳಗಿನವರು. ಪ್ಯಾರಿಸಿನ ರಕ್ಷಣೆ ಹೊತ್ತಿದ್ದ ಜನರಲ್ ಟ್ರೊಶು, ಗಾಡಿಗಟ್ಟಲೆ ವಿದೇಶಿಯರು ಹೊರಟುಹೋಗುವುದನ್ನು ನೋಡಿದರೆ ಜನ ಎದೆಗುಂದುತ್ತಾರೆ ಅಂತ ಮೊದಲು ಬಿಡಲಿಲ್ಲ. ಕೊನೆಗೆ ಅಕ್ಟೋಬರ್ 27ಕ್ಕೆ ಗಾಡಿಗಳು ಹೊರಟವು. ಸುದ್ದಿ ಓದುವಾಗ ಇದನ್ನು ನೆನಪಿಡಿ. ಹೊರಗಿನವನ ಒಪ್ಪಿಗೆ ಮಾತ್ರ ಸಾಲದು, ಒಳಗಿನವನೂ ಬಾಗಿಲು ತೆರೆಯಬೇಕು. ರಾಯಭಾರಿಗಳು ಊರೊಳಗೆ ಇದ್ದಷ್ಟು ದಿನ ಶೆಲ್ ಬೀಳುವುದು ಕಡಿಮೆ ಅಂತ ಒಳಗಿನವರ ಲೆಕ್ಕಾಚಾರ. ಇಂದಿಗೂ ಆ ಲೆಕ್ಕ ಬದಲಾಗಿಲ್ಲ.

1871ರ ಜನವರಿಯಲ್ಲಿ ಊರಿನ ಮೇಲೆ ಶೆಲ್ ಬೀಳತೊಡಗಿತು. ಮೊದಲೇ ಎಚ್ಚರಿಕೆ ಯಾಕೆ ಕೊಡಲಿಲ್ಲ ಅಂತ ಕೆರ್ನ್ ಮುಂದಾಳತ್ವದಲ್ಲಿ ರಾಯಭಾರಿಗಳು ಪತ್ರ ಬರೆದರು. ಕೋಟೆ ಕಟ್ಟಿಕೊಂಡ ಊರಲ್ಲಿ ಉಳಿಯುವುದು ನಿಮ್ಮ ಆಯ್ಕೆ, ಹೊರಡುವ ಅವಕಾಶ ಇತ್ತಲ್ಲ ಅನ್ನುವ ಅರ್ಥದ ಉತ್ತರ ಬಂತು. ಕಟುವಾದ ಮಾತು. ಆದರೆ ಅಂದಿನ ಯುದ್ಧದ ನಿಯಮದಲ್ಲಿ ಅದನ್ನು ತಪ್ಪು ಅನ್ನುವುದು ಕಷ್ಟ.

ಕೌಲು ಸಿಕ್ಕರೂ ಹೊರಡದ ಕತೆ ಇನ್ನೊಂದು. 1900ರ ಜೂನ್ 19, ಪೀಕಿಂಗ್, ಅಂದರೆ ಇಂದಿನ ಬೀಜಿಂಗ್. 24 ಗಂಟೆಯೊಳಗೆ ಊರು ಬಿಟ್ಟು ಟಿಯಾಂಜಿನ್‌ಗೆ ಹೊರಡಿ ಅಂತ ಅಲ್ಲಿದ್ದ ವಿದೇಶಿ ರಾಜತಾಂತ್ರಿಕರಿಗೆ ಚೀನಾ ಸರ್ಕಾರದಿಂದ ಕಾಗದ ಬಂತು. ರಾತ್ರಿಯಿಡೀ ಚರ್ಚೆ. ಹೆಚ್ಚಿನವರು ಹೊರಡುವ ಮನಸ್ಸಿನಲ್ಲೇ ಇದ್ದರು. ಮಾರನೆಯ ದಿನ ಜರ್ಮನಿಯ ದೂತ ಫಾನ್ ಕೆಟೆಲರ್ ಮಾತಾಡಿ ಬರುತ್ತೇನೆ ಅಂತ ಪಲ್ಲಕ್ಕಿಯಲ್ಲಿ ಹೊರಟರು. ದಾರಿಯಲ್ಲೇ ಗುಂಡು ಬಿತ್ತು, ಸತ್ತರು. ಚರ್ಚೆ ಅಲ್ಲಿಗೆ ಮುಗಿಯಿತು. ಆಮೇಲೆ 55 ದಿನ ಮುತ್ತಿಗೆ. ಜುಲೈನಲ್ಲಿ ಕಾವಲು ಕೊಡುತ್ತೇವೆ ಬನ್ನಿ ಅಂತ ಮತ್ತೆ ಕರೆದಾಗಲೂ ಯಾರೂ ಕದಲಲಿಲ್ಲ. ಆಗಸ್ಟ್ 14ಕ್ಕೆ ಗೋಡೆಯ ಕೆಳಗಿನ ನೀರುಗಂಡಿಯಿಂದ ನುಗ್ಗಿ ಮೊದಲು ಒಳಗೆ ಬಂದವರು ಬ್ರಿಟಿಷ್ ಸೈನ್ಯದ ಭಾರತೀಯ ಸಿಪಾಯಿಗಳು.

ಹೊರಡದೆ ಕುಳಿತದ್ದು ಹೆದರುಪುಕ್ಕಲುತನ ಅನಿಸಿದರೆ 1842ರ ಕಾಬೂಲ್ ನೆನೆಸಿಕೊಳ್ಳಿ. ಮಾತುಕತೆಗೆ ಹೋದ ಬ್ರಿಟಿಷ್ ದೂತ ಮ್ಯಾಕ್‌ನಾಟನ್‌ನನ್ನು ಅದಕ್ಕೂ ಮೊದಲೇ, 1841ರ ಡಿಸೆಂಬರ್‌ನಲ್ಲಿ, ಕೊಂದಿದ್ದರು. ಆದರೂ ಅಫ್ಘನ್ ಮುಖಂಡರು ಕೊಟ್ಟ ಸುರಕ್ಷಿತ ದಾರಿಯ ಮಾತು ನಂಬಿ ಬ್ರಿಟಿಷರ ಕಡೆಯ ಜನವರಿ 6ಕ್ಕೆ ಸುಮಾರು 4,500 ಸೈನಿಕರು, 12,000 ಪರಿವಾರದ ಜನ ಹಿಮದಲ್ಲಿ ಹೊರಟರು. ಕಣಿವೆಗಳಲ್ಲಿ ಅವರನ್ನು ಕಡಿದು ಹಾಕಿದರು. ಕೆಲವರು ಸೆರೆಸಿಕ್ಕಿ ಬದುಕಿದರು. ಒಂದು ವಾರದ ಮೇಲೆ ಡಾಕ್ಟರ್ ಬ್ರೈಡನ್ ಸೋತ ಕುದುರೆಯ ಮೇಲೆ ಜಲಾಲಾಬಾದ್ ತಲುಪಿದ.

ಕೌಲು ಉಳಿಸಿಕೊಂಡ ಕತೆಗೆ ದೂರ ಹೋಗಬೇಕಿಲ್ಲ, ಮಡಿಕೇರಿ ಕೋಟೆಯೇ ಸಾಕು. ಮೂರನೇ ಮೈಸೂರು ಯುದ್ಧದ ಹೊತ್ತು. ಕೋಟೆಯೊಳಗೆ ಟಿಪ್ಪುವಿನ ಪಾಳೆಯ, ಸುತ್ತ ಕೊಡಗಿನ ರಾಜ ದೊಡ್ಡವೀರರಾಜೇಂದ್ರನ ಕೊಡವರು. ಕೋಟೆಗೆ ಅಕ್ಕಿ, ಸಾಮಾನು ತಂದ ಟಿಪ್ಪು ಕಡೆಯ ಖಾದರ್ ಖಾನ್ ದಾರಿಯಲ್ಲೇ ಸಿಕ್ಕಿಬಿದ್ದ. ಮುಗಿಸಿಬಿಡಬಹುದಿತ್ತು. ಆದರೆ ರಾಜನ ಮನೆಯವರು ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದಾಗ ಇದೇ ಖಾನ್ ಅವರ ಮಾನ ಕಾಪಾಡಿದ್ದ. ರಾಜ ಅದನ್ನು ಮರೆತಿರಲಿಲ್ಲ. ಖಾನನನ್ನು ಕೋಟೆಗೆ ಬಿಟ್ಟ. ಆಮೇಲೆ ಕೋಟೆ ಶರಣಾದಾಗ ಒಳಗಿದ್ದವರು ಜೀವಸಹಿತ ಹೊರಟುಹೋಗಲೂ ಬಿಟ್ಟ. ಯಾವ ಒಪ್ಪಂದದ ಯಾವ ವಿಧಿಯೂ ಇರಲಿಲ್ಲ. ಹಳೆಯ ಋಣ ಇತ್ತು. ಈ ಕೆಲಸದಲ್ಲಿರುವವರಿಗೆ ಗೊತ್ತು, ಮುತ್ತಿಗೆಗೆ ಐದು ವರ್ಷ ಮೊದಲು ಯಾರ ಜೊತೆ ಕೂತು ಚಹಾ ಕುಡಿದಿದ್ದೀರಿ ಅನ್ನುವುದು ಮುತ್ತಿಗೆಯ ದಿನ ಲೆಕ್ಕಕ್ಕೆ ಬರುತ್ತದೆ.

ಈಗ ನನ್ನದೇ ಒಂದು ಅನುಭವ. ಊರಿನ ಹೆಸರು ಬೇಡ. 11 ಗಾಡಿಗಳ ಕಾನ್ವಾಯ್. ಪಟ್ಟಿ ನಾನೇ ಮಾಡಿದ್ದೆ, ಎರಡು ಭಾಷೆಯಲ್ಲಿ. ಹೆಸರು, ಪಾಸ್‌ಪೋರ್ಟ್ ನಂಬರು, ಗಾಡಿ ನಂಬರು, ಡ್ರೈವರ್ ಹೆಸರು. ಅದರ ಪ್ರತಿ ಎರಡೂ ಕಡೆಯ ಕಮಾಂಡರ್‌ಗಳಿಗೆ ಹೋಗಿತ್ತು. ಯಾವ ರಸ್ತೆ, ಎಷ್ಟು ಹೊತ್ತಿಗೆ ಯಾವ ಸೇತುವೆ, ಎಲ್ಲ ಬರೆದಿತ್ತು. ಕಿಟಕಿ ಇಳಿಸಿರಬೇಕು. ಒಳಗಿನ ದೀಪ ಉರಿಯುತ್ತಿರಬೇಕು. ಕೈ ಕಾಣಬೇಕು. ಫೋನ್ ಎತ್ತಿ ಫೋಟೋ ತೆಗೆಯಬಾರದು. ಗಾಡಿ ಹಿಂದೆ ಹಾಕಬಾರದು.

ಮೂರು ಚೆಕ್‌ಪೋಸ್ಟ್ ಸಲೀಸಾಗಿ ದಾಟಿದೆವು. ನಾಲ್ಕನೆಯದರಲ್ಲಿ ಒಬ್ಬ ಹುಡುಗ. ಹೆಚ್ಚೆಂದರೆ 17 ವರ್ಷ. ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ಹೆಗಲಿಗೆ ರೈಫಲ್. ಪಟ್ಟಿ ಇಸ್ಕೊಂಡು ತಲೆಕೆಳಗಾಗಿ ಹಿಡಿದ. ಓದಲು ಬರುವುದಿಲ್ಲ ಅಂತ ಗೊತ್ತಾಯಿತು. ಆದರೆ ಅಂಕಿ ಗೊತ್ತಿತ್ತು. ಏಳನೇ ಗಾಡಿಯ ನಂಬರು ಪಟ್ಟಿಯಲ್ಲಿ ಇಲ್ಲ ಅಂದ. ಅವನು ಹೇಳಿದ್ದು ಸರಿ. ಬೆಳಿಗ್ಗೆ ಒಂದು ಗಾಡಿ ಕೈಕೊಟ್ಟಿತ್ತು, ಬೇರೆ ಗಾಡಿ ಹಾಕಿದ್ದೆವು. ನಂಬರು ತಿದ್ದಿದ ಪಟ್ಟಿ ಕಳಿಸಲು ನಾನು ಮರೆತಿದ್ದೆ. ತಪ್ಪು ನನ್ನದೇ. ಎರಡೂವರೆ ಗಂಟೆ ಬಿಸಿಲಲ್ಲಿ ನಿಂತೆವು. ಅವನ ಕಮಾಂಡರ್‌ನ ಫೋನ್ ಹತ್ತಲಿಲ್ಲ. ಕೊನೆಗೆ ನಮ್ಮ ಮೊದಲ ಗಾಡಿಯ ಡ್ರೈವರ್, ಆ ಊರಿನವನೇ, ಇಳಿದು ಹೋಗಿ ಹುಡುಗನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಂದು ಬಾಟಲಿ ನೀರು ಕೊಟ್ಟ. ಯಾವ ಹಳ್ಳಿ, ಯಾರ ಮಗ ಅಂತ ಮಾತು ತೆಗೆದ. ಆಮೇಲೆ ಯಾರೋ ಬೈಕಿನಲ್ಲಿ ಬಂದು ಪಟ್ಟಿ ನೋಡಲೇ ಇಲ್ಲ, ಗಾಡಿ ಎಣಿಸಿದ. ‘11 ಇದೆ, ಹೋಗಿ’ ಅಂದ. ಅಷ್ಟೇ. ವಿಯೆನ್ನಾ ಒಪ್ಪಂದದ ಮಾತು ಎತ್ತಲು ನನಗೆ ನೆನಪೂ ಆಗಲಿಲ್ಲ.

2021ರ ಆಗಸ್ಟ್‌ನಲ್ಲಿ ಕಾಬೂಲ್‌ನ ನಮ್ಮ ಎಂಬಸಿಯವರು ಹೊರಬಂದಾಗ ಇದೇ ಪಾಠವನ್ನು ದೊಡ್ಡದಾಗಿ ನೋಡಿದೆವು. 15ಕ್ಕೆ ತಾಲಿಬಾನ್ ಊರೊಳಗೆ ಬಂತು. ನಮ್ಮವರ ಒಂದು ತಂಡ ದಾಟಿತು. ಎರಡನೇ ತಂಡವನ್ನು ತಾಲಿಬಾನಿಗಳು ಗ್ರೀನ್ ಝೋನ್‌ನಿಂದ, ಅಂದರೆ ಎಂಬಸಿಗಳಿದ್ದ ಬಿಗಿ ಕಾವಲಿನ ಪ್ರದೇಶದಿಂದ, ಹೊರಗೆ ಬಿಡಲಿಲ್ಲ. ಆ ಆಳ್ವಿಕೆಗೆ ಭಾರತದ ಮಾನ್ಯತೆ ಇರಲಿಲ್ಲ. ಆದರೆ ರಸ್ತೆ ಅವರದ್ದಾಗಿತ್ತು. ಅವರನ್ನೇ ಸಂಪರ್ಕಿಸಿ ಬೆಂಗಾವಲು ಕೇಳಬೇಕಾಯಿತು. 16ರ ರಾತ್ರಿ ಸುಮಾರು ಎರಡು ಡಜನ್ ಗಾಡಿಗಳು ತಾಲಿಬಾನ್ ಕಾವಲಲ್ಲಿ ಹೊರಟವು. ವಿಮಾನ ನಿಲ್ದಾಣಕ್ಕೆ ಐದು ಕಿಲೋಮೀಟರ್, ಹಿಡಿದದ್ದು ಐದು ಗಂಟೆ. ಮಡಿಕೇರಿ ದಸರಾ ರಾತ್ರಿ ಗಾಡಿ ಇದಕ್ಕಿಂತ ಬೇಗ ಹೋಗುತ್ತದೆ. ಬೆಳಿಗ್ಗೆ ವಾಯುಪಡೆಯ ಸಿ-17 ವಿಮಾನ ಅವರನ್ನು ಹೊತ್ತು ತಂದಿತು. ಎಂಬಸಿಯ ಕಾವಲಿಗಿದ್ದ ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಪಡೆಯ ಮಾಯಾ, ರೂಬಿ, ಬಾಬ್ಬಿ ಅನ್ನುವ ಮೂರು ನಾಯಿಗಳೂ ಬಂದವು. ಮೂರು ದಿನದಲ್ಲಿ ಎರಡು ಕಂತಿನಲ್ಲಿ 192 ಸಿಬ್ಬಂದಿ ಹೊರಬಂದರು ಅಂತ ರಾಯಭಾರಿ ರುದ್ರೇಂದ್ರ ಟಂಡನ್ ಆಮೇಲೆ ಹೇಳಿದರು.

ಸುಡಾನ್ ರಾಜಧಾನಿ ಖಾರ್ಟೂಮ್‌ನ ಕತೆ ಇನ್ನೂ ಕೆಟ್ಟದ್ದು. 2023ರ ಏಪ್ರಿಲ್ 15ಕ್ಕೆ ಅಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಊರ ನಡುವೆಯೇ ಕಾಳಗ ಶುರುವಾಯಿತು. ಕೋಟೆ ಇಲ್ಲ, ಒಳಗೆ ಹೊರಗೆ ಇಲ್ಲ, ಬೀದಿಗೊಬ್ಬ ಯಜಮಾನ. ಅಮೆರಿಕ ಮೂರು ಚಿನೂಕ್ ಹೆಲಿಕಾಪ್ಟರ್ ತಂದು ಒಂದು ಗಂಟೆಯೊಳಗೆ ನೂರಕ್ಕಿಂತ ಕಡಿಮೆ ಜನರನ್ನು ಎತ್ತಿಕೊಂಡು ಹೋಯಿತು. ನಾವೇ ಸಹಕರಿಸಿದೆವು ಅಂತ ಆರ್‌ಎಸ್‌ಎಫ್ ಹೇಳಿಕೊಂಡಿತು. ಅವರ ಸಹಕಾರ ಏನಿದ್ದರೂ ನಮ್ಮವರ ಮೇಲೆ ಗುಂಡು ಹಾರಿಸದೆ ಇದ್ದಷ್ಟೇ ಅಂತ ಅಮೆರಿಕದ ಅಧಿಕಾರಿ ತಿರುಗೇಟು ಕೊಟ್ಟರು. ಫ್ರಾನ್ಸಿನವರ ಕಾನ್ವಾಯ್ ಮೇಲೆ ಗುಂಡು ಬಿತ್ತು, ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ದೂರು ಹೇಳಿದರು. ಜನರನ್ನು ಹೊರಗೆ ಕಳಿಸುವ ಕೆಲಸಕ್ಕೆಂದೇ ಮನೆಯಿಂದ ಎಂಬಸಿಗೆ ಹೊರಟಿದ್ದ ಈಜಿಪ್ಟಿನ ಅಧಿಕಾರಿಯೊಬ್ಬರು ದಾರಿಯಲ್ಲಿ ಸತ್ತರು.

ಇಲ್ಲಿಗೆ ನಿಮ್ಮ ಮಾವನ ಮಾತು. ಖಾರ್ಟೂಮ್‌ನಲ್ಲಿ ಕೆಲವು ದೇಶಗಳ ಎಂಬಸಿಗಳು ಮೊದಲು ತಮ್ಮ ಸಿಬ್ಬಂದಿಯನ್ನು ಎತ್ತಿಕೊಂಡು ಹೋದದ್ದು ನಿಜ. ಸಾವಿರಾರು ನಾಗರಿಕರು ಹಿಂದೆ ಉಳಿದರು. ವೀಸಾಕ್ಕೆ ಕೊಟ್ಟಿದ್ದ ಸ್ಥಳೀಯರ ಪಾಸ್‌ಪೋರ್ಟ್‌ಗಳು ಬೀಗ ಹಾಕಿದ ಕಚೇರಿಗಳಲ್ಲೇ ಉಳಿದವು, ಕೆಲವನ್ನು ನಾಶವನ್ನೂ ಮಾಡಿದರು. ಪಾಸ್‌ಪೋರ್ಟ್ ಇಲ್ಲದ ಜನ ಗಡಿಯಲ್ಲಿ ನಿಂತರು. ಇದನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ನಮ್ಮವರ ಲೆಕ್ಕ ಸ್ವಲ್ಪ ಬೇರೆ. ಏಪ್ರಿಲ್ 24ಕ್ಕೆ ಭಾರತ ಶುರುಮಾಡಿದ ಕಾರ್ಯಾಚರಣೆಯ ಹೆಸರು ‘ಕಾವೇರಿ’. ತಲಕಾವೇರಿ ನಾಡಿನವರಿಗೆ ಆ ಹೆಸರು ಕೇಳಿ ಖುಷಿಯಾಗಿತ್ತು. ಖಾರ್ಟೂಮ್‌ನಿಂದ ಪೋರ್ಟ್ ಸುಡಾನ್‌ಗೆ ಸುಮಾರು 850 ಕಿಲೋಮೀಟರ್ ಬಸ್ಸು, ಅಲ್ಲಿಂದ ಐಎನ್‌ಎಸ್ ಸುಮೇಧಾದಂಥ ಹಡಗುಗಳಲ್ಲಿ, ವಿಮಾನಗಳಲ್ಲಿ ಜೆಡ್ಡಾ, ಆಮೇಲೆ ಮನೆ. ಮೇ 5ರ ಹೊತ್ತಿಗೆ 3,862 ಜನ ಹೊರಬಂದಿದ್ದರು. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಮಾರಲು ಹೋಗಿ ಅಲ್ಲಿ ಸಿಕ್ಕಿಕೊಂಡಿದ್ದು ನಿಮಗೆ ನೆನಪಿರಬಹುದು, ಚುನಾವಣೆಯ ಹೊತ್ತಲ್ಲಿ ಅದು ರಾಜಕೀಯವೂ ಆಯಿತು. ಉಕ್ರೇನ್‌ನಲ್ಲೂ ಹಾಗೇ. ಸುಮಿ ಊರಿನಲ್ಲಿ ಉಳಿದಿದ್ದ ಸುಮಾರು 700 ವಿದ್ಯಾರ್ಥಿಗಳು 2022ರ ಮಾರ್ಚ್ 8ಕ್ಕೆ ಬಸ್ಸು ಹತ್ತಿದರು. ಕೀವ್‌ನ ಎಂಬಸಿಯನ್ನು ಪೋಲೆಂಡಿಗೆ ಬದಲಿಸುವ ತೀರ್ಮಾನ ಹೊರಬಿದ್ದದ್ದು ಮಾರ್ಚ್ 13ಕ್ಕೆ. ಮಾವನಿಗೆ ಈ ಎರಡು ತಾರೀಕು ಹೇಳಿ.

ಮಾವ ಕೇಳದ ಪ್ರಶ್ನೆ ಒಂದಿದೆ, ಅದು ನನ್ನನ್ನು ಜಾಸ್ತಿ ಕಾಡುತ್ತದೆ. ಸುರಕ್ಷಿತ ದಾರಿ ಅನ್ನುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ. ಎಂಬಸಿಯಲ್ಲಿ ಕೆಲಸ ಮಾಡುವ ಸ್ಥಳೀಯರಿಗೆ? 44ನೇ ವಿಧಿ ಮತ್ತೆ ಓದಿ. ಆ ದೇಶದ ಸ್ವಂತ ಪ್ರಜೆಗಳನ್ನು ಅದು ಹೊರಗಿಟ್ಟಿದೆ. 1975ರ ಏಪ್ರಿಲ್ 17ಕ್ಕೆ ಖಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಬಂಡುಕೋರರ ಪಡೆ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ಊರನ್ನು ಹಿಡಿದಾಗ ನೂರಾರು ಜನ ಫ್ರೆಂಚ್ ಎಂಬಸಿಯ ಕಾಂಪೌಂಡಿಗೆ ನುಗ್ಗಿದರು. ಎಂಬಸಿ ಅಂತ ನಾವು ಒಪ್ಪುವುದೇ ಇಲ್ಲ, ಅದು ವಿದೇಶಿಯರನ್ನು ಕೂಡಿಟ್ಟ ಜಾಗ ಅಷ್ಟೇ ಅಂದರು ಹೊಸ ದೊರೆಗಳು. ಕಾಂಬೋಡಿಯಾದವರನ್ನು ಹೊರಗೆ ಕಳಿಸಿ, ಇಲ್ಲದಿದ್ದರೆ ಯಾರೂ ಉಳಿಯುವುದಿಲ್ಲ ಅನ್ನುವ ಬೆದರಿಕೆ. ರಾಜಕುಮಾರ ಸಿರಿಕ್ ಮಾತಕ್ ಸಮೇತ ಅವರೆಲ್ಲ ಗೇಟು ದಾಟಿ ನಡೆದರು. ವಿದೇಶಿಯರು ಏಪ್ರಿಲ್ ಕೊನೆಗೆ, ಮೇ ಮೊದಲಿಗೆ ಲಾರಿಗಳಲ್ಲಿ ಥಾಯ್ಲೆಂಡ್ ಗಡಿ ಸೇರಿದರು.

ನನ್ನ ಕಾನ್ವಾಯ್‌ನ ಆ ಡ್ರೈವರ್ ಕೂಡ ಗಡಿಯ ತನಕ ಬಂದ. ಗಾಡಿಯ ಕೀ ನನ್ನ ಕೈಗಿತ್ತ, ಪಾಸ್‌ಪೋರ್ಟ್ ಅವನ ಹತ್ತಿರ ಇರಲಿಲ್ಲ. ಎರಡು ತಿಂಗಳ ಸಂಬಳ ಮುಂಗಡ ಕೊಟ್ಟು ಸಹಿ ಹಾಕಿಸಿಕೊಂಡೆ. ಕಚೇರಿಯ ನಿಯಮ ಅಷ್ಟಕ್ಕೇ ಬಿಡುತ್ತಿತ್ತು. ಅವನು ವಾಪಸು ಹೋಗಲು ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದು ನಿಂತಿದ್ದ.

ಬೀಗ ಹಾಕಿ ಬಂದ ಕಟ್ಟಡ ಏನಾಗುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ನನ್ನ ಕೆಲಸ ಅದೇ ಆಗಿತ್ತಲ್ಲ. ಹೊರಡುವ ಮೊದಲು ಗುಟ್ಟಿನ ಕಾಗದ ಸುಡಬೇಕು, ಯಂತ್ರಗಳನ್ನು ಒಡೆಯಬೇಕು. ಕಾಗದದ ಕಟ್ಟು ಅಷ್ಟು ಸುಲಭವಾಗಿ ಸುಡುವುದಿಲ್ಲ, ಒಳಗಿನ ಹಾಳೆ ಹಾಗೇ ಉಳಿಯುತ್ತದೆ. ಬಿಡಿಸಿ ಬಿಡಿಸಿ ಹಾಕಬೇಕು. 45ನೇ ವಿಧಿ ಪ್ರಕಾರ ಖಾಲಿ ಕಟ್ಟಡವನ್ನೂ ಕಡತಗಳನ್ನೂ ಆ ದೇಶ ಕಾಯಬೇಕು. ಬೇಕಾದರೆ ಮೂರನೇ ದೇಶಕ್ಕೆ ಒಪ್ಪಿಸಿ ಬರಬಹುದು. ಕೀವ್‌ಗೆ ನಮ್ಮವರು 2022ರ ಮೇ 17ಕ್ಕೇ ಮರಳಿದರು. ಕಾಬೂಲ್‌ಗೆ ಅದೇ ವರ್ಷ ಜೂನ್‌ನಲ್ಲಿ ‘ತಾಂತ್ರಿಕ ತಂಡ’ ಅನ್ನುವ ಹೆಸರಲ್ಲಿ ಕೆಲವರು ವಾಪಸು ಹೋಗಿ ಬೀಗ ತೆಗೆದರು.